ನನ್ನ ತಮ್ಮ ಸಿಎ ಓದೋದು ಬಿಡುತ್ತಿಲ್ಲ. ಇದು ಛಲವೋ ಬರೀ ಹಠವೋ, ಹೇಗೆ ತಿಳಿಯೋದು?

ಡೊಂಬಿವಿಲಿ ಅಕ್ಕ
ನನ್ನ ತಮ್ಮ ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗೋಕೆ ಕೊನೇ ಹಂತದ ಫೈನಲ್ ಪರೀಕ್ಷೆ ಬರೆಯುತ್ತಲೇ ಇದ್ದಾನೆ. ಅದಕ್ಕಿಂತ ಹಿಂದಿನ ಇಂಟರ್ ಪರೀಕ್ಷೆ ಆಗಿದೆ, ಆಡಿಟರ್ ಕೈಕೆಳಗಿನ ತರಬೇತಿ (ಆರ್ಟಿಕಲ್‌ಶಿಪ್) ಮುಗಿದಿದೆ, ಫೈನಲ್‌ನ ಮೊದಲ ಗ್ರೂಪೂ ಆಗಿದೆ. ಎರಡನೇ ಗ್ರೂಪ್ ಮಾತ್ರ ಪ್ರತಿ ಸಲ ಸ್ವಲ್ಪದರಲ್ಲಿ ಹೋಗುತ್ತಿದೆ. ಅಪ್ಪ ಮುಲುಂಡಿನ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಾರೆ, ಇನ್ನು ಜಾಸ್ತಿ ವರ್ಷ ಆಗಲ್ಲ ಅಂತಿದ್ದಾರೆ. ಅಮ್ಮ "ಸಾಕು, ಯಾವುದಾದರೂ ಕೆಲಸಕ್ಕೆ ಸೇರಲಿ" ಅನ್ನುತ್ತಾರೆ. ಊರಿಂದ ದೊಡ್ಡಪ್ಪ ಫೋನ್ ಮಾಡಿದಾಗಲೆಲ್ಲ "ಛಲ ಬಿಡಬೇಡ ಮಗಾ" ಅಂತಾರೆ. ಇವನು ರಿಸಲ್ಟ್ ಬಂದ ದಿನ ಊಟ ಬಿಡುತ್ತಾನೆ, ಮಾರನೇ ದಿನ ಅದೇ ನೋಟ್ಸ್ ಹಿಡಿದು ಅದೇ ರೀಡಿಂಗ್ ರೂಮಿಗೆ ಹೋಗುತ್ತಾನೆ. ಪಾಸಾದರೆ ಛಲಗಾರ, ಫೇಲಾದರೆ ಹಠಮಾರಿ ಅಂತ ಆಮೇಲೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ರಿಸಲ್ಟಿಗೆ ಮೊದಲೇ ಗೊತ್ತಾಗೋ ದಾರಿ ಇದೆಯಾ?

ಥಾಣೆ ಆಡಿಟರ್
ಅಕ್ಕಾ, ಅವನು ಎಷ್ಟು ಸಲ ಬರೆದ ಅನ್ನೋದು ನನಗೆ ಮುಖ್ಯ ಅನಿಸಲ್ಲ. "ಅದೇ ನೋಟ್ಸ್" ಅಂದಿರಲ್ಲ, ಅಲ್ಲಿ ನನಗೆ ಗಾಬರಿ ಆಯಿತು. ಎರಡನೇ ಗ್ರೂಪಿನ ಮೂರು ಪತ್ರಿಕೆಗಳಲ್ಲಿ ಎರಡು ಪೂರ್ತಿ ತೆರಿಗೆ. ತೆರಿಗೆ ಪ್ರತಿ ವರ್ಷ ಬಜೆಟ್ ಜೊತೆ ಬರೋ ಹಣಕಾಸು ಕಾಯ್ದೆಯಿಂದ ಬದಲಾಗುತ್ತದೆ, ಹಳೇ ನೋಟ್ಸ್ ಎಷ್ಟು ಚೆನ್ನಾಗಿ ಬಾಯಿಗೆ ಬಂದರೂ ಉತ್ತರ ತಪ್ಪೇ ಆಗಬಹುದು. ಮೂರನೆಯದು ಪುಸ್ತಕ ತೆರೆದಿಟ್ಟು ಬರೆಯೋ ಪತ್ರಿಕೆ, ಅಲ್ಲಿ ಬಾಯಿಪಾಠಕ್ಕೆ ಬೆಲೆ ಇಲ್ಲ, ಬೇಕಾದ್ದನ್ನು ಬೇಗ ಹುಡುಕಿ ತೆಗೆಯೋ ರೂಢಿ ಬೇಕು.

ಇನ್ನೊಂದು. ಪ್ರತಿ ಪತ್ರಿಕೆಯಲ್ಲಿ 40 ಬರಬೇಕು, ಗ್ರೂಪ್ ಒಟ್ಟು 300ಕ್ಕೆ 150 ಬರಬೇಕು. 48, 52, 45 ಬಂದವನು ಎಲ್ಲದರಲ್ಲೂ 40 ದಾಟಿದ್ದಾನೆ, ಆದರೂ 145ಕ್ಕೆ ನಿಂತು ಫೇಲ್. 38, 60, 65 ಬಂದವನದು ಒಟ್ಟು 163, ಆದರೂ ಒಂದು ಪತ್ರಿಕೆಗೆ ಫೇಲ್. ಅವನಿಗೆ 60 ಮುಟ್ಟಿದ ಎರಡಕ್ಕೆ ಎಕ್ಸೆಂಪ್ಷನ್, ಅಂದರೆ ಮತ್ತೆ ಬರೆಯೋದರಿಂದ ವಿನಾಯಿತಿ ಸಿಗುತ್ತದೆ, ಒಂದೇ ವಿಷಯ ಹಿಡಿದು ಕೂತರೆ ಆಯಿತು. ಮೊದಲನೆಯವನು ಓದೋ ಕ್ರಮವನ್ನೇ ಬದಲಿಸಬೇಕು. ನಿಮ್ಮ ತಮ್ಮ ಇವರಲ್ಲಿ ಯಾರು ಅಂತ ಅವನಿಗೆ ಗೊತ್ತಾ? ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿದ್ದಾನಾ? ಪರೀಕ್ಷೆ ನಡೆಸೋ ಸಿಎ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರೆ ಕೊಡುತ್ತಾರೆ. ನನ್ನ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಿದ ಹುಡುಗರಲ್ಲಿ ನೋಡಿದ್ದೇನೆ, ಎಲ್ಲಿ ಸೋತೆ ಅಂತ ಹುಡುಕಿಕೊಂಡು ಹೋಗೋರು ಬೇರೆ, ಅದನ್ನು ನೋಡೋಕೇ ಹೆದರಿ ಇನ್ನೂ ಎರಡು ಗಂಟೆ ಜಾಸ್ತಿ ಓದೋರು ಬೇರೆ. ಕಷ್ಟ ಇಬ್ಬರೂ ಪಡುತ್ತಾರೆ. ಹೊರಗಿಂದ ನೋಡಿದರೆ ವ್ಯತ್ಯಾಸ ಕಾಣಲ್ಲ.

ಕೋಥ್ರೂಡ್ ಗದಗಿನವ
ಆಡಿಟರ್ ಸಾಹೇಬ್ರ ಮಾತು ಓದಿ ನನಗೆ ನಮ್ಮ ಗದಗಿನ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರು ನೆನಪಾದರು. ಪುಣೆಯಲ್ಲಿ ಇರೋ ನಮ್ಮಂಥ ಕನ್ನಡಿಗರಿಗೆ ಅವರು ಊರಿಗೂ ಪುಣೆಗೂ, ಎರಡೂ ಕಡೆಗೆ ಸೇರಿದವರು. 11 ವರ್ಷಕ್ಕೆ ಗುರು ಬೇಕು ಅಂತ ಮನೆ ಬಿಟ್ಟು ಹೋದರು ಅನ್ನೋದನ್ನ ಎಲ್ಲರೂ ಹೇಳುತ್ತಾರೆ, ಹಠ ಅಂದರೆ ಹೀಗಿರಬೇಕು ಅಂತ. ನನಗೆ ಅದಕ್ಕಿಂತ ದೊಡ್ಡದು ಅನಿಸೋದು ಅವರು ವಾಪಸ್ ಬಂದದ್ದು. ಗ್ವಾಲಿಯರ್ ಆಯಿತು, ಜಲಂಧರ್‌ವರೆಗೆ ಹೋದರು. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಕುಂದಗೋಳದ ಸವಾಯಿ ಗಂಧರ್ವರು ಇದ್ದಾರಲ್ಲ, ಅವರ ಹತ್ತಿರ ಹೋಗು ಅಂದರು. ಗದಗಿನಿಂದ ಕುಂದಗೋಳ ಎಷ್ಟು ದೂರ ಹೇಳಿ! ಮನೆ ಬಿಟ್ಟು ಹೋದ ಹುಡುಗನಿಗೆ ಊರಿಗೆ ತಿರುಗಿ ಬರೋದು ಎಷ್ಟು ಕಷ್ಟ ಇರಬೇಕು. ಆದರೂ ಆ ಮಾತು ಕೇಳಿ ಬಂದರು, 1936ರಲ್ಲಿ ಅವರ ಹತ್ತಿರ ಕಲಿಯೋಕೆ ಶುರು ಮಾಡಿದರು. ಮುಂದೆ ಆ ಗುರುವಿನ ಹೆಸರಲ್ಲೇ 1953ರಲ್ಲಿ ಇಲ್ಲಿ ಸಂಗೀತೋತ್ಸವ ಶುರುವಾಯಿತು, ಈಗಲೂ ಡಿಸೆಂಬರ್ ಬಂದರೆ ಜನ ಸೇರುತ್ತಾರೆ. ನಿಮ್ಮ ತಮ್ಮನಿಗೆ ಯಾರಾದರೂ "ಹೀಗಲ್ಲ, ಹೀಗೆ ಮಾಡು" ಅಂದಾಗ ಏನು ಮಾಡುತ್ತಾನೆ? ಅದನ್ನ ಗಮನಿಸಿ ಅಕ್ಕಾ.

ವಾಶಿ ಶೆಟ್ಟಿ
ಎಲ್ಲ ಸರಿ ಮಾರಾಯ್ರೇ, ಆದರೆ ಎಲ್ಲರೂ ಹುಡುಗನನ್ನೇ ಅಳೆಯುತ್ತಿದ್ದೀರಿ. ಮನೆಯವರು ಸುಸ್ತಾದರು ಅಂತ ಅವನದು ಹಠ ಆಗಲ್ಲ. ಯುಪಿಎಸ್‌ಸಿಯಲ್ಲಿ ಸಾಮಾನ್ಯ ವರ್ಗದವರಿಗೆ 6 ಸಲ, 32 ವರ್ಷ ಅಂತ ಗಡಿ ಇದೆ. ಸಿಎ ಫೈನಲ್‌ಗೆ ಇಷ್ಟೇ ಸಲ ಅಂತ ಯಾರೂ ನಿಲ್ಲಿಸಲ್ಲ, ಹಾಗಾಗಿ ಮನೆಯಲ್ಲೇ ಕೂತು ಮಾತಾಡಬೇಕು, ಸಿಟ್ಟಿನಲ್ಲಿ ಅಲ್ಲ, ಅಪ್ಪನ ಸಂಬಳ ಎಲ್ಲಿವರೆಗೆ ಬರುತ್ತದೆ ಅಂತ ಎದುರಿಗೆ ಇಟ್ಟು. ಇಂಟರ್ ಮತ್ತು ಆರ್ಟಿಕಲ್‌ಶಿಪ್ ಆದವನಿಗೆ ಅಕೌಂಟ್ಸ್ ಕೆಲಸ ಸಿಗದೇ ಇರಲ್ಲ. ಕೆಲಸಕ್ಕೆ ಸೇರಿದರೆ ಸಿಎ ಬಿಟ್ಟ ಹಾಗೆ ಅಂತ ಯಾಕೆ ಅಂದುಕೊಳ್ಳಬೇಕು? ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ನಮ್ಮ ಹಿಂದಿನವರು ಹಗಲು ಹೋಟೆಲಲ್ಲಿ ದುಡಿದೇ ಓದಿದ್ದು.

ಡೊಂಬಿವಿಲಿ ಅಕ್ಕ
ನಿನ್ನೆ ರಾತ್ರಿ ಕೇಳಿದೆ. ಉತ್ತರ ಪತ್ರಿಕೆ ಒಂದು ಸಲವೂ ತರಿಸಿಲ್ಲ. "ನೋಡಿದರೆ ಇರೋ ಧೈರ್ಯವೂ ಹೋಗುತ್ತೆ ಅಕ್ಕಾ" ಅಂದ. ಕೇಳಿ ಹೊಟ್ಟೆ ಉರಿಯಿತು. ಅಂಕಪಟ್ಟಿ ತೆಗೆದು ಇಬ್ಬರೂ ನೋಡಿದೆವು, ಎಲ್ಲದರಲ್ಲೂ ನಲವತ್ತರ ಮೇಲೆ, ಯಾವುದರಲ್ಲೂ ಅರವತ್ತಿಲ್ಲ. ಆಡಿಟರ್ ಅಣ್ಣಾ, ಭಾನುವಾರ ಒಂದು ಗಂಟೆ ಅವನ ಜೊತೆ ಕೂರುತ್ತೀರಾ? ಕೆಲಸದ ಮಾತು ನಾನು ಇನ್ನೂ ಎತ್ತಿಲ್ಲ.

ಥಾಣೆ ಆಡಿಟರ್
ಕಳಿಸಿ ಅಕ್ಕಾ, ಹತ್ತು ಗಂಟೆ ಮೇಲೆ. ಎಲ್ಲ ಅಟೆಂಪ್ಟಿನ ಅಂಕಪಟ್ಟಿ ತರಲಿ. ಉತ್ತರ ಪತ್ರಿಕೆ ಕೇಳೋಕೆ ರಿಸಲ್ಟ್ ಆದ ಮೇಲೆ ಸ್ವಲ್ಪ ದಿನ ಮಾತ್ರ ಗಡುವು ಇರುತ್ತದೆ. ಅದು ದಾಟಿಲ್ಲ ಅಂದರೆ ಇವತ್ತೇ ಅರ್ಜಿ ಹಾಕಿಸಿ, ಭಾನುವಾರದವರೆಗೆ ಕಾಯಬೇಡಿ.