ಸಹಾಯ ಬೇಕು: ಹೆಡ್‌ಫೋನಿನಲ್ಲಿ ಸುಂಯ್ ಸದ್ದು, ಬ್ಯಾಟರಿಯಲ್ಲಿ ಓಡಿಸಿದರೂ ಹೋಗುತ್ತಿಲ್ಲ

ಉಬುಂಟು (ಲಿನಕ್ಸ್) ಹಾಕಿದ ಲ್ಯಾಪ್‌ಟಾಪ್, 3.5 ಮಿ.ಮೀ. ಜ್ಯಾಕ್, 16 ಓಮ್ ಇಯರ್‌ಫೋನ್. ಏನೂ ಪ್ಲೇ ಆಗದಿದ್ದಾಗಲೂ ಸಣ್ಣಗೆ ಸುಂಯ್ ಅನ್ನುತ್ತದೆ. ವಾಲ್ಯೂಮ್ ಏರಿಸಿದರೂ ಇಳಿಸಿದರೂ ಅದು ಅಷ್ಟೇ ಇರುತ್ತದೆ, ಅಂದರೆ ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಅನಲಾಗ್ ಭಾಗದಲ್ಲಿ ಸೇರುತ್ತಿದೆ. ಬ್ರೌಸರಿನಲ್ಲಿ ಪುಟ ಸ್ಕ್ರೋಲ್ ಮಾಡಿದರೆ ಸದ್ದಿನ ಶ್ರುತಿಯೇ ಬದಲಾಗುತ್ತದೆ! ಹಾಗಾಗಿ ಪ್ರೊಸೆಸರಿನ ಕೆಲಸಕ್ಕೂ ಇದಕ್ಕೂ ನಂಟಿರಬಹುದು ಅಂತ ಅನುಮಾನ.

ಚಾರ್ಜರ್ ಹಾಕಿದಾಗ ಬರುತ್ತಿದ್ದ ಗುಂಯ್ ಬೇರೆ, ಅದು ಅರ್ಥಿಂಗ್ ತೊಂದರೆ. ಅರ್ಥ್ ಸರಿಯಿರುವ ಮೂರು ಪಿನ್ ಸಾಕೆಟ್‌ಗೆ ಹಾಕಿದ ಮೇಲೆ ಹೋಯಿತು. ಹಾಡು ಶುರುವಾಗುವಾಗಿನ ಟಕ್ ಸದ್ದೂ ಬೇರೆ. ಸುಮ್ಮನಿದ್ದಾಗ ಸೌಂಡ್ ಚಿಪ್ ನಿದ್ದೆಗೆ ಹೋಗಿ ಮತ್ತೆ ಏಳುವಾಗ ಬರುವಂಥದ್ದು. ಸೌಂಡ್ ಡ್ರೈವರ್‌ನ ಪವರ್ ಸೇವ್ ಆಯ್ಕೆಯನ್ನು 0 ಮಾಡಿದೆ, ನಿಂತಿತು.

ಉಳಿದಿರುವುದು ಸುಂಯ್ ಒಂದೇ. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (ಸೌಂಡ್ ಕಾರ್ಡಿನ ಮಟ್ಟಗಳನ್ನು ಹೊಂದಿಸುವ ಪ್ರೋಗ್ರಾಂ) ತೆರೆದು, ಎಫ್6 ಒತ್ತಿ ಕಾರ್ಡ್ ಆರಿಸಿ, ಮೈಕ್ ಬೂಸ್ಟ್ 0ಕ್ಕೆ ಇಳಿಸಿದೆ, ಲೂಪ್‌ಬ್ಯಾಕ್ ಮಿಕ್ಸಿಂಗ್ (ಮೈಕಿನಂಥ ಇನ್‌ಪುಟ್‌ನ ಸದ್ದನ್ನು ಹೆಡ್‌ಫೋನಿಗೆ ಬೆರೆಸುವ ಆಯ್ಕೆ) ಡಿಸೇಬಲ್ ಮಾಡಿದೆ. ಸ್ವಲ್ಪ ತಗ್ಗಿತು, ಅಷ್ಟೇ.

ಯುಎಸ್‌ಬಿ ಡ್ಯಾಕ್ (ಹೊರಗಿನಿಂದ ಸಿಕ್ಕಿಸುವ ಸೌಂಡ್ ಕಾರ್ಡ್) ತಗೊಳ್ಳಿ ಅನ್ನಬೇಡಿ, ಅದು ಕೊನೆಯ ದಾರಿ ಅಂತ ಗೊತ್ತು. ಕೇಳಬೇಕಿರುವುದು ಇಷ್ಟು: ಪ್ರೊಸೆಸರಿನ ಸಿ-ಸ್ಟೇಟ್‌ಗಳನ್ನು (ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಅದು ಹೋಗುವ ನಿದ್ದೆಯ ಹಂತಗಳು) ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಬಂದ್ ಮಾಡಿ ಇಂಥ ಸದ್ದು ಯಾರಿಗಾದರೂ ನಿಂತಿದೆಯೇ? ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆಯೇ, ಅದನ್ನೂ ತಿಳಿಸಿ.