ಏಣಿಯಿಂದ ಬಿದ್ದವರನ್ನು ಕೂಡಲೇ ಸಾಗಿಸದೆ ಇಎಂಟಿ ಇಷ್ಟೆಲ್ಲ ಕೇಳುವುದೇಕೆ?

ತೋಟದ ರೈಟರ್, ಸಿದ್ದಾಪುರ

ಕಾಳುಮೆಣಸು ಕೊಯ್ಯುತ್ತಿದ್ದ ನಮ್ಮ ಕಾರ್ಮಿಕರೊಬ್ಬರು ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿಯಿಂದ ಬಿದ್ದರು. ಪ್ರಜ್ಞೆ ಇತ್ತು, ಗಾಯ ಕಾಣಲಿಲ್ಲ, ಎಡ ಪಕ್ಕೆ ನೋವು ಎಂದರು. 108ಕ್ಕೆ ಕರೆ ಮಾಡಿದೆವು. ಆಂಬುಲೆನ್ಸಿನಲ್ಲಿ ಬಂದ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಮೊದಲು ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ಎಂದು ನೋಡಿದರು. ಆಮೇಲೆ ಕೈ ಹಿಡಿದು ಗಡಿಯಾರ ನೋಡುತ್ತ ಕುಳಿತರು, ಹೊಟ್ಟೆ ಒತ್ತಿದರು, ಬೆಳಿಗ್ಗೆ ಏನು ತಿಂದಿರಿ, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದರು. ನೀರು ಕೊಡಲು ಹೋದವರನ್ನು ತಡೆದರು. ಆಸ್ಪತ್ರೆ ಅಷ್ಟು ದೂರ ಇರುವಾಗ ಇದೆಲ್ಲ ಬೇಕಿತ್ತೇ? ತಕರಾರಲ್ಲ. ಕೊಯ್ಲು ಇನ್ನೂ ಮುಗಿದಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಇಎಂಟಿ, ವಿರಾಜಪೇಟೆ

ಈ ಪ್ರಶ್ನೆ ನಮಗೆ ತೋಟ ತೋಟದಲ್ಲೂ ಎದುರಾಗುತ್ತದೆ, ಕೆಲವೆಡೆ ಬೈಗುಳದ ರೂಪದಲ್ಲಿ.

ಗಡಿಯಾರ ನೋಡಿದ್ದು ನಾಡಿಗಾಗಿ ಮಾತ್ರವಲ್ಲ. ಕೈ ಹಿಡಿದಿರುವಂತೆಯೇ ಉಸಿರನ್ನೂ ಎಣಿಸುತ್ತೇವೆ. ಹೇಳಿ ಎಣಿಸಿದರೆ ಯಾರ ಉಸಿರಾದರೂ ಬದಲಾಗುತ್ತದೆ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸಹಜ.

ಮಾತನಾಡುತ್ತಿದ್ದಾರೆ ಎಂದರೆ ಉಸಿರಿನ ದಾರಿ ತೆರೆದಿದೆ, ಮೆದುಳಿಗೆ ಸದ್ಯಕ್ಕೆ ರಕ್ತ ತಲುಪುತ್ತಿದೆ, ಅಷ್ಟೇ. ಎಡ ಪಕ್ಕೆಲುಬುಗಳ ಕೆಳಭಾಗದ ಒಳಗೆ ಗುಲ್ಮ (ಸ್ಪ್ಲೀನ್) ಎಂಬ ಅಂಗವಿದೆ. ಅದು ಸೀಳಿದರೆ ಹೊರಗೆ ಒಂದು ಹನಿಯೂ ಕಾಣದೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಪೆಟ್ಟೇ ಬೀಳದ ಎಡ ಭುಜದ ತುದಿ ನೋಯುತ್ತದೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಗಟ್ಟಿ ದೇಹದವರಲ್ಲಿ ರಕ್ತನಾಳಗಳು ಬಿಗಿದುಕೊಂಡು, ಹೃದಯ ಜೋರಾಗಿ ಬಡಿದು, ರಕ್ತದೊತ್ತಡ ಬಹಳ ಹೊತ್ತು ನಿಲ್ಲುತ್ತದೆ. ಸುಮಾರು 5 ಲೀಟರ್ ರಕ್ತದಲ್ಲಿ ಒಂದೂವರೆ ಲೀಟರ್ ಹೋಗುವವರೆಗೂ ಕುಸಿಯದಿರಬಹುದು. ಆದ್ದರಿಂದ ‘ಬಿಪಿ ಸರಿ ಇದೆ’ ಎಂಬ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಅದಕ್ಕೂ ಮೊದಲೇ ನಾಡಿ, ಉಸಿರು ಏರುತ್ತವೆ, ಮೈ ತಣ್ಣಗಾಗಿ ಬೆವರುತ್ತದೆ. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಎಲ್ಲರ ಬೆರಳೂ ತಣ್ಣಗಿರುವುದರಿಂದ ಆಗ ನಾನು ಎದೆಯೆಲುಬಿನ ಮೇಲೆ ಒತ್ತಿ ನೋಡುತ್ತೇನೆ.

ಇನ್ನು, ಒಂದು ಸಲದ ಅಂಕಿ ಹೇಳುವುದು ಕಡಿಮೆ. ನಾಡಿ 96 ಎಂದರೆ ಹೆದರಿಕೆಯೂ ಇರಬಹುದು. ಐದು ನಿಮಿಷಕ್ಕೆ 108, ಮತ್ತೆ ಐದು ನಿಮಿಷಕ್ಕೆ 120 ಆದರೆ ಒಳಗೆ ಸೋರುತ್ತಿದೆ ಎಂದೇ ಹಿಡಿಯುತ್ತೇನೆ. ಮೊದಲ ಅಂಕಿಯನ್ನು ತೋಟದಲ್ಲೇ ಬರೆದುಕೊಳ್ಳದಿದ್ದರೆ ಈ ಏರಿಕೆ ಯಾರಿಗೂ ಗೊತ್ತಾಗುವುದಿಲ್ಲ.

ಕೆಲವು ಬಿಪಿ ಮಾತ್ರೆಗಳು ನಾಡಿ ಏರದಂತೆ ತಡೆದು ನಮ್ಮ ಕಣ್ಣಿಗೆ ಮಣ್ಣೆರಚುತ್ತವೆ, ಅದಕ್ಕೇ ಮಾತ್ರೆಯ ಪ್ರಶ್ನೆ. ಬಿದ್ದು ತಲೆ ಸುತ್ತಿತೋ, ತಲೆ ಸುತ್ತಿ ಬಿದ್ದರೋ ತಿಳಿಯಬೇಕು, ಅದಕ್ಕೆ ತಿಂಡಿಯ ಪ್ರಶ್ನೆ. ಸಕ್ಕರೆ ಕಾಯಿಲೆಯವರಲ್ಲಿ ಎರಡನೆಯದು ಅಪರೂಪವಲ್ಲ. ನೀರು ಬೇಡವೆಂದದ್ದು ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು.

ಇಷ್ಟಕ್ಕೂ ಗಾಯಾಳುವಿನ ಬಳಿ ಹತ್ತು ನಿಮಿಷ ಮೀರಬಾರದು, ಉಳಿದದ್ದು ಓಡುವ ವಾಹನದಲ್ಲಿ. ಅವರು ಮೀರಿದ್ದರೆ ನಿಮ್ಮ ಅಸಮಾಧಾನ ನ್ಯಾಯವೇ.

ನಿವೃತ್ತ ಶುಶ್ರೂಷಕಿ, ಸುಂಟಿಕೊಪ್ಪ

ಒಂದು ಮಾತು ಸೇರಿಸುತ್ತೇನೆ. ಈಗ ತೋಟಗಳಲ್ಲಿ ಅಸ್ಸಾಂನಿಂದ ಬಂದವರು ಬಹಳ. ಅವರ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕಳುಹಿಸಿ. ‘ಹೂಂ’ ಎಂದು ತಲೆಯಾಡಿಸಿದ್ದನ್ನು ನೋವಿಲ್ಲ ಎಂದು ಬರೆದುಕೊಂಡ ಚೀಟಿಗಳನ್ನು ನಾನು ನೋಡಿದ್ದೇನೆ.

ಬೆಳೆಗಾರ, ನಾಪೋಕ್ಲು

ಎಲ್ಲ ಸರಿ. ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಆಂಬುಲೆನ್ಸ್ ಬರುವುದು ಯಾವಾಗ? ನಮ್ಮ ಜೀಪೇ ವಾಸಿ.

ಇಎಂಟಿ, ವಿರಾಜಪೇಟೆ

ದಾರಿ ಮುಚ್ಚಿದ್ದರೆ ಜೀಪೇ ಸರಿ, ನಾನು ವಾದಿಸುವುದಿಲ್ಲ. ಆದರೆ ಎತ್ತಿ ಕೂರಿಸಬೇಡಿ. ಒಬ್ಬರು ತಲೆ ಕುತ್ತಿಗೆ ಅಲುಗದಂತೆ ಹಿಡಿದು ಅವರ ಮಾತಿನಂತೆ ಎಲ್ಲರೂ ಒಟ್ಟಿಗೆ ಹಲಗೆಯ ಮೇಲೆ ಹೊರಳಿಸಿ, ಕಂಬಳಿ ಹೊದಿಸಿ. ರಕ್ತ ಹರಿಯುತ್ತಿದ್ದರೆ ಬಟ್ಟೆ ಇಟ್ಟು ಬಲವಾಗಿ ಒತ್ತಿ, ಆಗಾಗ ಎತ್ತಿ ನೋಡಬೇಡಿ. 108ರವರೊಂದಿಗೆ ಮಾತು ಮುಂದುವರಿಸಿ, ಅರ್ಧ ದಾರಿಯಲ್ಲಿ ನಾವೇ ಎದುರಾಗಬಹುದು.

ತೋಟದ ರೈಟರ್, ಸಿದ್ದಾಪುರ

ಉಸಿರು ಎಣಿಸುವುದನ್ನು ನಾನೇ ಮಾಡಿಡಬಹುದೇ?

ಇಎಂಟಿ, ವಿರಾಜಪೇಟೆ

ಖಂಡಿತ. ಎದೆ ಏರುವುದನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ, ಪಕ್ಕದಲ್ಲಿ ಸಮಯ ಬರೆಯಿರಿ. ಚೆಕ್‌ರೋಲ್‌ನ (ಹಾಜರಿ ಪಟ್ಟಿಯ) ಹಿಂಬದಿಯಾದರೂ ಸರಿ.