ತಂತ್ರಾಂಶ ತೋರಿಸಿದ್ದು ಬೆಳಗಿನ ಬೆಲೆ, ವಾಲ್ವ್ ಮಾರಾಟವಾಗಿದ್ದು ಅದರ ಅರ್ಧಕ್ಕೂ ಕಡಿಮೆಗೆ

ರೇಡಿಯೊ ಮೇಷ್ಟ್ರು, ದಾವಣಗೆರೆ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಈಗ ಪಿ.ಜೆ. ಬಡಾವಣೆಯ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ವಾಲ್ವ್ ರೇಡಿಯೊಗಳನ್ನು, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವವನ್ನು, ರಿಪೇರಿ ಮಾಡುತ್ತೇನೆ. ಸದ್ಯ ಮೇಜಿನ ಮೇಲಿರುವುದು ಒಂದು ಬೆಣ್ಣೆ ದೋಸೆ ಹೋಟೆಲಿನ ಫಿಲಿಪ್ಸ್ ಸೆಟ್ಟು. ಈಗಿನ ಮಾಲೀಕರ ತಂದೆ ಅದನ್ನು ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ಇಟ್ಟುಕೊಂಡಿದ್ದರಂತೆ. ಹಿಂದಿನ ರಟ್ಟು ಬಿಚ್ಚಿದರೆ ಒಳಗೆಲ್ಲ ಸೌದೆ ಒಲೆಯ ಮಸಿ, ಅದರ ಮೇಲೆ ಬೆರಳಿಗೆ ಅಂಟುವ ಬೆಣ್ಣೆಯ ಜಿಡ್ಡು. ಮುಳ್ಳು ಇನ್ನೂ ಭದ್ರಾವತಿಯ 675ರ ಮೇಲೆಯೇ ನಿಂತಿತ್ತು.

ಕೆಪಾಸಿಟರ್‌ಗಳನ್ನು ಬದಲಾಯಿಸಿದೆ, ಧ್ವನಿ ಬಂತು. ಬಾರದೇ ಇದ್ದದ್ದು ಕಣ್ಣು. ಇಎಂ34 ಎಂಬ ವಾಲ್ವ್ ಅದು. ಸ್ಟೇಷನ್ ಸರಿಯಾಗಿ ಸಿಕ್ಕಾಗ ಹಸಿರು ಬೆಳಕು ಎರಡೂ ಕಡೆಯಿಂದ ರೆಪ್ಪೆಯಂತೆ ಕೂಡಿಕೊಳ್ಳುತ್ತದೆ. ಉರಿದು ಉರಿದು ಅದರ ಒಳಗಿನ ಬೆಳಕು ಸೂಸುವ ಲೇಪ ಸತ್ತುಹೋಗಿದೆ. ಕೋಣೆಯ ದೀಪ ಆರಿಸಿ, ಕೈ ಅಡ್ಡ ಹಿಡಿದು ನೋಡಿದರೆ ಮಾತ್ರ ಒಂದಿಷ್ಟು ಹಸಿರು ಕಾಣುತ್ತದೆ. ಮಾಲೀಕರು ಒಂದೇ ಮಾತು ಹೇಳಿದರು: "ಹಾಡು ಮೊಬೈಲಿನಲ್ಲೂ ಬರುತ್ತದೆ ಮೇಷ್ಟ್ರೇ, ಕಣ್ಣು ಬರುವುದಿಲ್ಲ."

ಇಬೇಯ ಜರ್ಮನ್ ತಾಣದಲ್ಲಿ ಬಳಸದೇ ಇಟ್ಟಿದ್ದ ಒಂದು ಇಎಂ34 ಹರಾಜಿಗೆ ಬಂತು. ಮುಗಿಯುವುದು ಭಾನುವಾರ ಅಲ್ಲಿಯ ರಾತ್ರಿ 8ಕ್ಕೆ, ಅಂದರೆ ನಮಗೆ 11.30. ಅಷ್ಟು ಹೊತ್ತು ಎಚ್ಚರವಿರಲಾರೆ ಎಂದು, ಕೊನೆಯ ಕ್ಷಣದಲ್ಲಿ ನಮ್ಮ ಪರವಾಗಿ ಬಿಡ್ ಹಾಕುವ ಒಂದು ತಂತ್ರಾಂಶಕ್ಕೆ ಒಪ್ಪಿಸಿದೆ. ಅದರ ಹೆಸರು ಬೇಡ. ನನ್ನ ಗರಿಷ್ಠ ಮೊತ್ತ 40 ಯೂರೊ ಎಂದು ಬರೆದಿದ್ದೆ.

ಭಾನುವಾರ ಬೆಳಿಗ್ಗೆ ನೋಡಿದರೆ ಬೆಲೆ 44.50, ಸಾಲು ಕೆಂಪಗಾಗಿತ್ತು. ರಾತ್ರಿ ಊಟವಾದ ಮೇಲೆ ನೋಡಿದಾಗಲೂ ಅದೇ 44.50. ಹೋಯಿತು ಬಿಡು ಎಂದು ಮಲಗಿದೆ. ಸೋಮವಾರ ತಾಣವನ್ನೇ ತೆರೆದು ನೋಡುತ್ತೇನೆ: ಮಾರಾಟವಾಗಿದ್ದು 21.50ಕ್ಕೆ! ತಂತ್ರಾಂಶದ ಪರದೆಯಲ್ಲಿ ಆಗಲೂ 44.50 ಕೆಂಪು ಬಣ್ಣದಲ್ಲಿ ಕುಳಿತೇ ಇತ್ತು.

ಹರಾಜಿನಲ್ಲಿ ಬೆಲೆ ಇಳಿಯುವುದನ್ನು ನಾನು ಕಂಡಿಲ್ಲ. 40 ಕೊಡಲು ಸಿದ್ಧನಿದ್ದವನ ಕೈತಪ್ಪಿ ವಸ್ತು 21.50ಕ್ಕೆ ಹೋದರೆ ಹೊಟ್ಟೆ ಉರಿಯುವುದಿಲ್ಲವೇ? ಹಳೆಯ ಬೆಲೆ ತೋರಿಸಿ ನನ್ನನ್ನು ಮಲಗಿಸಿದ ಈ ತಂತ್ರಾಂಶವನ್ನು ನಂಬುವುದು ಹೇಗೆ?

ಚಂದ್ರವಳ್ಳಿ, ಚಿತ್ರದುರ್ಗ

ಮೇಷ್ಟ್ರೇ, ಇಂಥ ತಂತ್ರಾಂಶಗಳು ತಾಣವನ್ನು ಕ್ಷಣಕ್ಷಣಕ್ಕೂ ನೋಡುತ್ತಾ ಕುಳಿತಿರುವುದಿಲ್ಲ. ಸಾವಿರಾರು ಜನರ ಪಟ್ಟಿಗಳಿಗಾಗಿ ಪದೇ ಪದೇ ಬೆಲೆ ಕೇಳಿದರೆ ತಾಣ ಅವುಗಳನ್ನು ತಡೆಯುತ್ತದೆ. ಆದ್ದರಿಂದ ಆಗೊಮ್ಮೆ ಈಗೊಮ್ಮೆ ಕೇಳಿ, ಬಂದ ಅಂಕಿಯನ್ನು ಉಳಿಸಿಟ್ಟುಕೊಂಡು ಅದನ್ನೇ ತೋರಿಸುತ್ತಿರುತ್ತವೆ. ನಿಮ್ಮ ವಿಷಯದಲ್ಲಿ, ಬೆಲೆ 40 ದಾಟಿತು ಎಂದು ಗೊತ್ತಾದೊಡನೆ ಆ ಸಾಲನ್ನು ಮತ್ತೆ ನೋಡುವುದನ್ನೇ ಅದು ಬಿಟ್ಟಿರುವಂತೆ ಕಾಣುತ್ತದೆ. ಅದನ್ನು ಬರೆದವರೂ ನಿಮ್ಮಂತೆಯೇ, ಬೆಲೆ ಇಳಿಯುವುದಿಲ್ಲ ಎಂದುಕೊಂಡಿದ್ದಾರೆ.

ಆದರೆ ಇಳಿಯುತ್ತದೆ. ಇಬೇಯಲ್ಲಿ ಮೊತ್ತ ತಪ್ಪಾಗಿ ಹೊಡೆದೆ ಎಂಬಂಥ ಕೆಲವೇ ಕಾರಣಗಳಿಗೆ ಬಿಡ್ ಹಿಂತೆಗೆದುಕೊಳ್ಳಬಹುದು. ಹರಾಜು ಮುಗಿಯಲು 12 ಗಂಟೆಗಿಂತ ಕಡಿಮೆ ಉಳಿದಿದ್ದರೆ, ಹಾಕಿದ ಒಂದು ಗಂಟೆಯೊಳಗೆ ಮಾತ್ರ ಅದಕ್ಕೆ ಅವಕಾಶ. ಮಾರುವವರೂ ಬಿಡ್ ರದ್ದು ಮಾಡಬಹುದು. ಬಿಡ್‌ಗಳ ಇತಿಹಾಸದ ಪುಟದ ಕೆಳಗೆ ನೋಡಿ, ಹಿಂತೆಗೆದುಕೊಂಡದ್ದು ಅಲ್ಲಿರುತ್ತದೆ.

ಇನ್ನು ಹೊಟ್ಟೆ ಉರಿಯ ವಿಷಯ. ಅಲ್ಲಿ ಬೆಲೆ ನಿಲ್ಲುವುದು ಎರಡನೆಯವನ ಗರಿಷ್ಠ ಮೊತ್ತಕ್ಕಿಂತ ಒಂದು ಮೆಟ್ಟಿಲು, ಇಲ್ಲಿ ಅರ್ಧ ಯೂರೊ, ಮೇಲೆ. ಪರದೆಯಲ್ಲಿ 44.50 ಬಂದಿತ್ತೆಂದರೆ, 44 ಅಥವಾ ಹೆಚ್ಚು ಕೊಡಲು ಸಿದ್ಧರಿದ್ದವರು ಒಬ್ಬರಲ್ಲ, ಇಬ್ಬರು. ಒಬ್ಬ ಹಿಂದೆ ಸರಿದ. ಉಳಿದವನ ಕೆಳಗೆ ಇದ್ದವನು 21ರವನು, ಹಾಗಾಗಿ ಬೆಲೆ 21.50ಕ್ಕೆ ಇಳಿಯಿತು. ಆದರೆ ಉಳಿದವನ ಜೇಬಿನಲ್ಲಿ 44 ಹಾಗೇ ಇತ್ತು! ನಿಮ್ಮ 40 ಸರಿಯಾದ ಸಮಯಕ್ಕೆ ಬಿದ್ದಿದ್ದರೂ ಬೆಲೆ 40.50ಕ್ಕೆ ಏರಿ ವಾಲ್ವ್ ಅವನಿಗೇ ಹೋಗುತ್ತಿತ್ತು. ನೀವು ಮಲಗಿದ್ದರಿಂದ ನಿಮಗೇನೂ ನಷ್ಟವಾಗಲಿಲ್ಲ. ಯಾರೋ ಒಬ್ಬ ಜರ್ಮನ್ನನಿಗೆ 19 ಯೂರೊ ಉಳಿಯಿತು.

ರೇಡಿಯೊ ಮೇಷ್ಟ್ರು

ಎರಡು ಸಲ ಓದಿದೆ. ಆಮೇಲೆ ಸ್ಲೇಟಿನ ಮೇಲೆ ಮೂರು ಅಂಕಿ ಬರೆದು, ಒಂದನ್ನು ಒರೆಸಿ ನೋಡಿದೆ. ಲೆಕ್ಕ ಸರಿ. ಮಕ್ಕಳಿಗೆ ಕೊಡಬಹುದಾಗಿದ್ದ ಪ್ರಶ್ನೆ, ಛೆ. ಇಬ್ಬರೂ ಹಿಂದೆ ಸರಿದಿದ್ದರೆ?

ಚಂದ್ರವಳ್ಳಿ, ಚಿತ್ರದುರ್ಗ

ಆಗ ನಿಮ್ಮ ಸಿಟ್ಟು ನ್ಯಾಯವೇ. ಇತಿಹಾಸದಲ್ಲಿ ಎರಡು ಸಾಲು ಇವೆಯೇ ನೋಡಿ. ಇಂಥ ಹರಾಜಿನ ತರ್ಕವನ್ನು 1961ರಲ್ಲೇ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು ಬಿಡಿಸಿ ತೋರಿಸಿದ್ದರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಗೆದ್ದವನು ಕೊಡುವುದು ಎರಡನೆಯವನ ಬೆಲೆಯಾದರೆ, ವಸ್ತು ನಿಮಗೆ ಎಷ್ಟು ಬಾಳುತ್ತದೆಯೋ ಅಷ್ಟನ್ನೇ ಒಮ್ಮೆ ಬರೆದು ಸುಮ್ಮನಿರುವುದೇ ಲಾಭ. ಪರದೆಯ ಬೆಲೆ ಹಳತಾದರೂ ಹೊಸತಾದರೂ ಆ ಮೊತ್ತ ಬದಲಾಗಬೇಕಾಗಿಲ್ಲ. ತಂತ್ರಾಂಶ ಬಿಡ್ಡನ್ನೇ ಹಾಕದೆ ಬಿಟ್ಟಿತಲ್ಲ, ತಪ್ಪು ಅಲ್ಲಿದೆ. ಮೊತ್ತ ಸಾಲುವುದಿಲ್ಲ ಎಂದು ಹೇಳಬೇಕಾದದ್ದು ತಾಣ.

ಮೆಕ್ಕೆಜೋಳದ ಮಂಡಿ, ದಾವಣಗೆರೆ

ನಾನು ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿಯ ಗುಮಾಸ್ತ, ವಾಲ್ವ್ ಗೊತ್ತಿಲ್ಲ, ಹರಾಜು ಗೊತ್ತು. ನಮ್ಮಲ್ಲಿ ಇ-ಟೆಂಡರಿನಲ್ಲಿ ಲಾಟಿಗೆ ಒಬ್ಬರು ಬರೆದ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹಳೆಯ ದರ ತೋರಿಸಿತು ಎಂಬ ಜಗಳವೇ ಇಲ್ಲ, ತೋರಿಸುವುದೇ ಇಲ್ಲವಲ್ಲ. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಅದೇ ಟವೆಲ್ಲು ಈಗ ಕಂಪ್ಯೂಟರಿಗೆ ಹೊದಿಸಿದ್ದಾರೆ ಅಂದುಕೊಳ್ಳಿ. ಒಂದೇ ವ್ಯತ್ಯಾಸ: ಇಲ್ಲಿ ಗೆದ್ದವನು ತಾನು ಬರೆದ ದರವನ್ನೇ ಕೊಡಬೇಕು. ಚಂದ್ರವಳ್ಳಿಯವರ ಮಾತು ಕೇಳಿ ನಮ್ಮ ಸಾಹುಕಾರರು ಮನಸ್ಸಿನಲ್ಲಿದ್ದುದನ್ನೆಲ್ಲ ಬರೆದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಮತ್ತೊಂದು ಮಾತು ಮೇಷ್ಟ್ರೇ. ಆ ತಂತ್ರಾಂಶ ರೂಪಾಯಿಯಲ್ಲೂ ಬೆಲೆ ತೋರಿಸುತ್ತದೆಯೇ? ಹಾಗಿದ್ದರೆ ವಿನಿಮಯ ದರ ಯಾವ ದಿನದ್ದು ಎಂದು ನೋಡಿಕೊಳ್ಳಿ. ಅಂಚೆ ಖರ್ಚು, ಸುಂಕ ಸೇರಿದೆಯೇ ಎಂಬುದನ್ನೂ.

ರೇಡಿಯೊ ಮೇಷ್ಟ್ರು

ನೋಡಿದೆ. ಹಿಂತೆಗೆದುಕೊಂಡದ್ದು ಒಂದೇ ಸಾಲು, ಭಾನುವಾರ ಅಲ್ಲಿಯ ಬೆಳಿಗ್ಗೆ 7.20ಕ್ಕೆ, ಕಾರಣ ತಪ್ಪು ಮೊತ್ತ. ಅಂದರೆ 44ರವನು ಕೊನೆಯವರೆಗೂ ಇದ್ದ. ರೂಪಾಯಿ ಅಂಕಣದ ಗುಮಾನಿಯೂ ನಿಜವಾಯಿತು: ನಾನು ವಸ್ತುವನ್ನು ಪಟ್ಟಿಗೆ ಸೇರಿಸಿದ ದಿನದ ದರವೇ ಅಲ್ಲಿ ನಿಂತಿದೆ. ಸುಂಕ ಸೇರಿಲ್ಲ.

ಹೋಟೆಲಿನವರಿಗೆ ಇದನ್ನೆಲ್ಲ ವಿವರಿಸಲು ಹೋದೆ. ಕಾವಲಿಯ ಮುಂದೆ ನಿಂತೇ ಕೇಳಿದರು, ಒಂದು ದೋಸೆ ಮಗುಚಿದರು, "ಹಾಗಾದರೆ ನಿಮ್ಮ 40 ಕಡಿಮೆಯಾಯಿತು ಅನ್ನಿ" ಎಂದರು. ಇಷ್ಟುದ್ದದ ಚರ್ಚೆ ಅವರಿಗೆ ಬೇಕಾಗಲಿಲ್ಲ.

ಇನ್ನೊಂದು ಇಎಂ34 ಬಂದಿದೆ, ಗುರುವಾರ ರಾತ್ರಿ ಮುಗಿಯುತ್ತದೆ. ಈ ಸಲ ತಂತ್ರಾಂಶ ಬಿಟ್ಟು ನೇರವಾಗಿ ತಾಣದಲ್ಲೇ ಗರಿಷ್ಠ ಮೊತ್ತ ಬರೆದಿದ್ದೇನೆ. ಎಷ್ಟೆಂದು ಇಲ್ಲಿ ಹೇಳುವುದಿಲ್ಲ. ರೇಡಿಯೊ ರಿಪೇರಿ ಮಾಡುವವರು ಇಲ್ಲಿ ಇನ್ನೂ ಮೂವರಿದ್ದೀರಿ.